ಸರ್‌ಚಾರ್ಜನ್ನೇ ಏಕೆ ಬಯ್ಯಬೇಕು?

ಬಿಲ್ಲಿನ ಕೆಳಗೆ ‘ಸರ್‌ಚಾರ್ಜ್’ ಎಂಬ ಸಾಲು ಕಂಡರೆ ನಮಗೆ ಮೈ ಉರಿಯುತ್ತದೆ. ನೇರವಾಗಿ ಬೆಲೆ ಏರಿಸುವ ಧೈರ್ಯವಿಲ್ಲದೆ ಕಂಪನಿ ಹಿತ್ತಲ ಬಾಗಿಲಿನಿಂದ ಜೇಬಿಗೆ ಕೈ ಹಾಕಿತು ಎಂಬುದು ಎಲ್ಲರ ತೀರ್ಪು. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ.

ನಮ್ಮ ಬೀದಿಯ ದರ್ಶಿನಿಯ ದರಪಟ್ಟಿ ನೋಡಿ. ಮಸಾಲೆ ದೋಸೆಯ ಎದುರಿನ ಸ್ಟಿಕ್ಕರಿನ ಅಂಚು ಎದ್ದಿದೆ. ಅದರಡಿ ಹಳೇ ದರದ ಸ್ಟಿಕ್ಕರು, ಅದರಡಿ ಇನ್ನೂ ಹಳೆಯದು. “ಗ್ಯಾಸ್ ಜಾಸ್ತಿ ಆಯ್ತಲ್ಲ ಸಾರ್” ಎಂದು ಗಲ್ಲಾದಲ್ಲಿ ಕೂತವರು ಅಂದದ್ದು ಸುಳ್ಳಲ್ಲ. ಹೋಟೆಲಿನವರು ಬಳಸುವ 19 ಕೆ.ಜಿ. ಸಿಲಿಂಡರ್ 2022ರ ಮೇ ತಿಂಗಳಲ್ಲಿ ದೆಹಲಿಯಲ್ಲಿ 2,350 ರೂಪಾಯಿ ದಾಟಿತ್ತು. 2023ರ ಡಿಸೆಂಬರಿನಲ್ಲಿ ಅದು 1,800ಕ್ಕಿಂತ ಕೆಳಗಿತ್ತು. ದೋಸೆ ಮಾತ್ರ ಇಳಿಯಲಿಲ್ಲ. ಬಾಡಿಗೆ, ಸಂಬಳ, ಎಣ್ಣೆ ಎಂದು ಅವರಿಗೂ ನೂರೆಂಟು ತಾಪತ್ರಯ, ಒಪ್ಪೋಣ. ಆದರೆ ಅದರಲ್ಲಿ ಗ್ಯಾಸಿನ ಪಾಲೆಷ್ಟು ಎಂದು ಕೇಳುವುದು ಹೇಗೆ? ಏರಿದ ಖರ್ಚು ಹಿಟ್ಟಿನೊಳಗಿನ ಉಪ್ಪಿನಂತೆ ಬೆಲೆಯಲ್ಲಿ ಕರಗಿಹೋಗಿದೆ.

ಈಗ ಇನ್ನೊಂದು ಕಡೆ ನೋಡಿ. 2023ರ ಅಕ್ಟೋಬರಿನಲ್ಲಿ ಇಂಡಿಗೋ, ವಿಮಾನ ಇಂಧನ ದುಬಾರಿಯಾಯಿತೆಂದು ಟಿಕೆಟ್ಟಿಗೆ ಇಂಧನ ಶುಲ್ಕ ಸೇರಿಸಿತು. 500 ಕಿ.ಮೀ. ಒಳಗಿನ ಪ್ರಯಾಣಕ್ಕೆ 300 ರೂಪಾಯಿ, ದೂರ ಹೆಚ್ಚಿದಂತೆ 1,000ದವರೆಗೆ. ಇಂಧನ ಅಗ್ಗವಾದ ಮೇಲೆ, 2024ರ ಜನವರಿ 4ರಂದು, ಅದನ್ನು ತೆಗೆಯಿತು. ವಿಮಾನದ ಮೂಲದರ ಗಳಿಗೆಗೊಂದರಂತೆ ಬದಲಾಗುವುದರಿಂದ ಒಟ್ಟು ಟಿಕೆಟ್ಟು ಅಷ್ಟೇ ಇಳಿಯಿತೆಂದು ಯಾರೂ ಆಣೆ ಇಡಲಾರರು. ಆದರೂ ಹೆಸರಿದ್ದುದರಿಂದಲೇ ಆ ಶುಲ್ಕಕ್ಕೆ ಹೊರಹೋಗುವ ದಾರಿಯೂ ಇತ್ತು.

ಕಂಪನಿಗಳು ಇದನ್ನು ಧರ್ಮಕ್ಕೆ ಮಾಡುವುದಿಲ್ಲ. ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಟ್ಶ್, ರಿಚರ್ಡ್ ಥೇಲರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೊಂದು ಪ್ರಶ್ನೆಯಿತ್ತು: ಹಿಮ ಬಿದ್ದ ಮರುದಿನ ಅಂಗಡಿಯವನು 15 ಡಾಲರಿನ ಹಿಮ ಬಳಿಯುವ ಸಲಿಕೆಯನ್ನು 20ಕ್ಕೆ ಮಾರಿದರೆ ಸರಿಯೇ? ಶೇ 82 ಮಂದಿ ಅನ್ಯಾಯ ಎಂದರು. ತನ್ನ ಖರ್ಚೇ ಏರಿ ಬೆಲೆ ಏರಿಸಿದರೆ ಜನ ಸಹಿಸುತ್ತಾರೆ ಎಂಬುದೂ ಅದೇ ಅಧ್ಯಯನದಲ್ಲಿದೆ. ‘ಖರ್ಚು ನನ್ನದಲ್ಲ, ಡೀಸೆಲ್ಲಿನದು’ ಎಂದು ತೋರಿಸಿಕೊಳ್ಳುವ ಲಾಭ ಸರ್‌ಚಾರ್ಜಿನಲ್ಲಿದೆ. ಜತೆಗೆ, ವರ್ಷದ ಕರಾರಿಗೆ ಸಹಿ ಹಾಕುವ ಲಾರಿಯವರಿಗೆ ಡೀಸೆಲ್ ದರಕ್ಕೆ ಕಟ್ಟಿದ ಸರ್‌ಚಾರ್ಜ್ ಇಲ್ಲದಿದ್ದರೆ, ಮುಂದೆ ಬರಬಹುದಾದ ನಷ್ಟವನ್ನೆಲ್ಲ ಮೊದಲೇ ಬಾಡಿಗೆಯಲ್ಲಿ ಸೇರಿಸಿಬಿಡುತ್ತಾರೆ. ಡೀಸೆಲ್ ಏರಲಿ ಬಿಡಲಿ, ಕಟ್ಟುವವರು ನಾವೇ.

ಹಾಗಾದರೆ ಬೈಗುಳ ಯಾರಿಗೆ? ಕಾರಣದ ಹೆಸರಿಲ್ಲದ ಶುಲ್ಕಕ್ಕೆ. ಊಟ ತಂದುಕೊಡುವ ಆ್ಯಪ್‌ಗಳ ‘ಪ್ಲಾಟ್‌ಫಾರ್ಮ್ ಶುಲ್ಕ’ ಯಾವ ಖರ್ಚಿಗೆ ಕಟ್ಟಿದ್ದು? ಪೆಟ್ರೋಲಿಗಲ್ಲ, ಅಕ್ಕಿಗಲ್ಲ. ಯಾವುದು ಇಳಿದರೆ ಇದೂ ಇಳಿಯಬೇಕು ಎಂಬುದೇ ಗೊತ್ತಿಲ್ಲ. ಜೊಮ್ಯಾಟೊದಲ್ಲಿ 2023ರಲ್ಲಿ ಆರ್ಡರಿಗೆ 2 ರೂಪಾಯಿಯಿಂದ ಶುರುವಾದದ್ದು, 2024ರ ದೀಪಾವಳಿಯ ಹೊತ್ತಿಗೆ ಹಬ್ಬದ ನೆಪದಲ್ಲಿ 10 ಆಯಿತು. ಹಬ್ಬ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಅದು 12 ಆಯಿತು.