ತೆರೆಯ ಮೇಲೆ ಚಿತ್ರ ಬಂದರೆ ಸಾಕೇ?

ಶಾಲಾ ಕಾಲೇಜುಗಳವರು ವಿಜ್ಞಾನ ಚಿತ್ರಗಳನ್ನು ತೋರಿಸಲು ಚಿತ್ರಮಂದಿರವನ್ನು ಬೆಳಗಿನ ಹೊತ್ತು ಬಾಡಿಗೆಗೆ ಪಡೆಯುವುದುಂಟು. ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿಗೆ ಒಂದು ಎಚ್‌ಡಿಎಂಐ ಕೇಬಲ್, ಹೆಡ್‌ಫೋನ್ ಕಿಂಡಿಯಿಂದ ಧ್ವನಿಗೆ ಇನ್ನೊಂದು ತಂತಿ. ಅಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಈ ಪದ್ಧತಿಯ ಬಗ್ಗೆ ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಚಿತ್ರ ಬಾರದಿದ್ದರೆ ಯಾರಾದರೂ ಕಾರಣ ಹುಡುಕುತ್ತಾರೆ. ತಪ್ಪಾಗಿ ಬಂದರೆ ಯಾರೂ ಹುಡುಕುವುದಿಲ್ಲ.

ಚಿತ್ರಮಂದಿರದ ಡಿಜಿಟಲ್ ಪ್ರೊಜೆಕ್ಟರು ದೊಡ್ಡ ಗಾತ್ರದ ಟಿ.ವಿ. ಅಲ್ಲ. ಹಾಲಿವುಡ್ ಸ್ಟುಡಿಯೊಗಳು 2002ರಲ್ಲಿ ಕಟ್ಟಿಕೊಂಡ ಡಿಸಿಐ ಎಂಬ ಕೂಟವು 2005ರಲ್ಲಿ ಇದಕ್ಕೊಂದು ನಿರ್ದಿಷ್ಟ ಮಾನದಂಡವನ್ನು ಪ್ರಕಟಿಸಿತು. ಅದರ ಪ್ರಕಾರ ಬಿಂಬದ ಗರಿಷ್ಠ ಅಳತೆ 2048×1080 ಅಥವಾ 4096×2160 ಚುಕ್ಕೆಗಳು. ಸಾಮಾನ್ಯ ವೇಗ ಸೆಕೆಂಡಿಗೆ 24 ಚೌಕಟ್ಟು. ಪ್ರತಿ ವರ್ಣಘಟಕಕ್ಕೆ 12 ಬಿಟ್. ಕಂಪ್ಯೂಟರ್ ಸಾಮಾನ್ಯವಾಗಿ ಕೊಡುವುದು 1920×1080 ಚುಕ್ಕೆಗಳನ್ನು, ಸೆಕೆಂಡಿಗೆ 60 ಬಾರಿ, 8 ಬಿಟ್‌ಗಳಲ್ಲಿ. ನಡುವೆ ಎಲ್ಲೋ ಪರಿವರ್ತನೆ ನಡೆಯಲೇಬೇಕು. ಕೇಬಲ್ ಜೋಡಿಸಿದ ಕ್ಷಣದಲ್ಲಿ ಎರಡು ಯಂತ್ರಗಳೂ ತಮ್ಮತಮ್ಮಲ್ಲೇ ಒಂದು ಒಪ್ಪಂದಕ್ಕೆ ಬರುತ್ತವೆ. ಏನನ್ನು ಒಪ್ಪಿಕೊಂಡವೆಂದು ನಿಮಗೆ ಹೇಳುವುದಿಲ್ಲ!

ಲೋಲಕದ ಆಂದೋಲನವನ್ನು ತೋರಿಸುವ ಚಿತ್ರವೊಂದನ್ನು ತೆಗೆದುಕೊಳ್ಳಿ. ಅದು ಸೆಕೆಂಡಿಗೆ 24 ಚೌಕಟ್ಟಿನದು, ಕಂಪ್ಯೂಟರಿನದು 60. ಭಾಗಿಸಿದರೆ ಎರಡೂವರೆ. ಅರ್ಧ ಬಾರಿ ತೋರಿಸುವುದು ಸಾಧ್ಯವಿಲ್ಲವಾದ್ದರಿಂದ ಒಂದು ಚೌಕಟ್ಟು ಮೂರು ಬಾರಿ, ಮುಂದಿನದು ಎರಡು ಬಾರಿ ಮೂಡುತ್ತದೆ. ಅಂದರೆ ಒಂದಕ್ಕೆ 1/20 ಸೆಕೆಂಡು, ಇನ್ನೊಂದಕ್ಕೆ 1/30 ಸೆಕೆಂಡು. ಸಮವಾಗಿ ಚಲಿಸುವ ವಸ್ತು ಕುಂಟುತ್ತದೆ. ಭಾರತದಲ್ಲಿ ಟಿ.ವಿ.ಗಾಗಿ ತಯಾರಾದ ಚಿತ್ರಗಳು ಹೆಚ್ಚಾಗಿ ಸೆಕೆಂಡಿಗೆ 25 ಚೌಕಟ್ಟಿನವು. ಅವುಗಳ ಗತಿ ಇನ್ನೂ ಕಷ್ಟ: ಐದು ಚೌಕಟ್ಟುಗಳನ್ನು 12 ಬಾರಿಗೆ ಹಂಚಬೇಕು. ಕಂಪ್ಯೂಟರಿನ ತೆರೆಯ ಆವೃತ್ತಿಯನ್ನು 50 ಹರ್ಟ್ಸ್‌ಗೆ ಬದಲಿಸಿದರೆ, ಪ್ರೊಜೆಕ್ಟರ್ ಅದನ್ನು ಒಪ್ಪುವುದಾದರೆ, ಪ್ರತಿ ಚೌಕಟ್ಟೂ ಸರಿಯಾಗಿ ಎರಡು ಬಾರಿ ಬರುತ್ತದೆ. ಒಂದು ನಿಮಿಷದ ಕೆಲಸ, ಆದರೂ ಮಾಡುವವರು ಕಡಿಮೆ.

ಹಳೆಯ 4:3 ಚಿತ್ರವನ್ನು 16:9 ತೆರೆಗೆ ಹಿಗ್ಗಿಸಿದರೆ ವೃತ್ತದ ಅಗಲ ಎತ್ತರದ 1.33 ಪಟ್ಟಾಗುತ್ತದೆ. ಕತೆಯ ಚಿತ್ರದಲ್ಲಿ ನಾಯಕ ದಪ್ಪಗಾದರೆ ನಕ್ಕು ಸುಮ್ಮನಾಗಬಹುದು. ಗ್ರಹದ ಕಕ್ಷೆ ದೀರ್ಘವೃತ್ತವೇ ಎಂದು ಚರ್ಚಿಸುವ ಪಾಠದಲ್ಲಿ ಹಾಗಲ್ಲ. ಬಣ್ಣದ ಮಾತೂ ಅಷ್ಟೆ. ಸಿನಿಮಾ ವ್ಯವಸ್ಥೆಯಲ್ಲಿ ಬೆಳಕು ಸಂಕೇತದ 2.6ನೇ ಘಾತಕ್ಕೆ ಅನುಗುಣ. ಕಂಪ್ಯೂಟರ್ ತೆರೆಗಳಲ್ಲಿ ಸುಮಾರು 2.2. ಅರ್ಧ ಪ್ರಮಾಣದ ಸಂಕೇತಕ್ಕೆ ಒಂದರಲ್ಲಿ ಶೇ. 16.5, ಇನ್ನೊಂದರಲ್ಲಿ ಶೇ. 22ರಷ್ಟು ಬೆಳಕು. ಪ್ರೊಜೆಕ್ಟರಿನಲ್ಲಿ ಕಂಪ್ಯೂಟರಿಗೆಂದೇ ಬೇರೆ ಹೊಂದಾಣಿಕೆ ಇಟ್ಟಿರದಿದ್ದರೆ ಸೂಕ್ಷ್ಮದರ್ಶಕದ ಚಿತ್ರಗಳ ನಸುಗಪ್ಪು ಭಾಗಗಳು ಮುಳುಗಿಹೋಗುತ್ತವೆ.

ಧ್ವನಿಯ ವಿಷಯದಲ್ಲಿ ಅಲಕ್ಷ್ಯ ಇನ್ನೂ ಹೆಚ್ಚು. ಲ್ಯಾಪ್‌ಟಾಪಿನ ತಂತಿಯನ್ನು ಸಾಮಾನ್ಯವಾಗಿ ಸಿಕ್ಕಿಸುವುದು ಸಿನಿಮಾ ಪ್ರೊಸೆಸರಿನ ‘ನಾನ್-ಸಿಂಕ್’ ಕಿಂಡಿಗೆ, ಅಂದರೆ ಮಧ್ಯಂತರದ ಸಂಗೀತಕ್ಕೆಂದು ಮಾಡಿದ ಜಾಗಕ್ಕೆ. ಮಾತು ಬರಬೇಕಾದದ್ದು ತೆರೆಯ ಹಿಂದಿನ ನಡುವಿನ ಸ್ಪೀಕರಿನಿಂದ. ಎರಡೇ ವಾಹಿನಿಗಳ ಧ್ವನಿ ಎಡಬಲಗಳಿಗೆ ಮಾತ್ರ ಹೋದರೆ, ಪಕ್ಕದ ಸಾಲಿನಲ್ಲಿ ಕುಳಿತವರಿಗೆ ವಿವರಣೆ ಗೋಡೆಯ ಕಡೆಯಿಂದ ಬಂದಂತಾಗುತ್ತದೆ. ಹಲವು ಪ್ರೊಸೆಸರುಗಳಲ್ಲಿ ಎರಡು ವಾಹಿನಿಗಳಿಂದ ನಡುವಿನದನ್ನು ಬೇರ್ಪಡಿಸುವ ಸೌಲಭ್ಯವಿದೆ, ಕೇಳಿ ಪಡೆಯಬೇಕು.

‘ಹೂಂ’ ಎನ್ನುವ ಗುಂಗಾಟ ನೀವೂ ಕೇಳಿರಬಹುದು. ಲ್ಯಾಪ್‌ಟಾಪಿನ ಚಾರ್ಜರಿಗೆ ಒಂದು ಕಡೆ, ಪ್ರೊಸೆಸರಿಗೆ ಇನ್ನೊಂದು ಕಡೆ ಭೂಸಂಪರ್ಕವಿದ್ದು, ಧ್ವನಿಯ ತಂತಿ ಅವೆರಡನ್ನೂ ಕೂಡಿಸಿದಾಗ ಆಗುವ ಕುಣಿಕೆಯಲ್ಲಿ 50 ಹರ್ಟ್ಸ್ ವಿದ್ಯುತ್ ಹರಿಯುತ್ತದೆ. ಇದಕ್ಕೆ ಪ್ಲಗ್ಗಿನ ಅರ್ಥ್ ಪಿನ್ ತೆಗೆದುಹಾಕುವ ‘ಪರಿಹಾರ’ ಚಾಲ್ತಿಯಲ್ಲಿದೆ. ಅದು ಜೀವಕ್ಕೆ ಅಪಾಯ. ವಿದ್ಯಾರ್ಥಿಗಳ ಮುಂದೆ ಅಧ್ಯಾಪಕರು ಮಾಡಲೇಬಾರದ ಕೆಲಸ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ. ಗುಂಗಾಟ ನಿಂತರೆ ಕಾರಣ ಗೊತ್ತಾಯಿತು. ಶಾಶ್ವತ ಪರಿಹಾರಕ್ಕೆ ಧ್ವನಿಯ ಮಾರ್ಗದಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಡಬೇಕು.

ತುಟಿಗೂ ಮಾತಿಗೂ ತಾಳೆಯಾಗದಿರುವುದು ಮತ್ತೊಂದು ದೋಷ. ಬಿಂಬ ಪರಿವರ್ತಕಗಳ ಮೂಲಕ ಹಾದು ತಡವಾಗುತ್ತದೆ. ಧ್ವನಿ ನೇರವಾಗಿ ಹೋಗಿ ಮೊದಲೇ ತಲಪುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಧ್ವನಿ ಸುಮಾರು 45 ಮಿಲಿಸೆಕೆಂಡು ಮುಂದಾದರೆ ನಮಗೆ ಗೊತ್ತಾಗುತ್ತದೆ, ಹಿಂದಾದರೆ 125ರವರೆಗೂ ಗೊತ್ತಾಗುವುದಿಲ್ಲ. ಪ್ರಕೃತಿಯಲ್ಲಿ ಶಬ್ದ ಬೆಳಕಿಗಿಂತ ಹಿಂದೆಯೇ ಬರುವುದರಿಂದ ಈ ವ್ಯತ್ಯಾಸ ಸಹಜವೆನ್ನಿಸುತ್ತದೆ. ತೆರೆಯಿಂದ 20 ಮೀಟರ್ ದೂರದಲ್ಲಿ ಕುಳಿತವರಿಗೆ ಶಬ್ದ ಹೇಗೂ 58 ಮಿಲಿಸೆಕೆಂಡು ತಡ. ಆದ್ದರಿಂದಲೇ ಹಿಂದಿನ ಸಾಲಿನವರಿಗೆ ಸರಿಯೆನಿಸಿದ್ದು ಮುಂದಿನ ಸಾಲಿನವರಿಗೆ ತಪ್ಪೆನಿಸಬಹುದು.

ಉತ್ತಮ ದಾರಿ ಇಲ್ಲವೆಂದಲ್ಲ. ಡಿಸಿಪಿ-ಒ-ಮ್ಯಾಟಿಕ್ ಎಂಬ ಮುಕ್ತ ತಂತ್ರಾಂಶದಿಂದ ನಿಮ್ಮ ಚಿತ್ರವನ್ನು ಸಿನಿಮಾ ಸರ್ವರ್ ಅರಿಯುವ ಕಡತವಾಗಿ ಮನೆಯಲ್ಲೇ ಪರಿವರ್ತಿಸಿಕೊಳ್ಳಬಹುದು. ಆಗ ಬಣ್ಣ, ವೇಗ, ಆಕಾರಗಳ ಪರಿವರ್ತನೆ ನಿಮ್ಮ ಕಣ್ಣೆದುರಿಗೆ, ನಿಮ್ಮ ಆಯ್ಕೆಯಂತೆ ಆಗುತ್ತದೆ. ಆದರೆ ದೀರ್ಘ ಚಿತ್ರಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಎಲ್ಲ ಚಿತ್ರಮಂದಿರಗಳೂ ಡಿಸಿಐ ಮಾನದಂಡದವಲ್ಲ. ನಡುನಡುವೆ ನಿಲ್ಲಿಸಿ ವಿವರಿಸುವ ಉಪನ್ಯಾಸಕ್ಕೆ ಇದು ಒಗ್ಗುವುದಿಲ್ಲ. ಅಂಥಲ್ಲಿ ಲ್ಯಾಪ್‌ಟಾಪೇ ಗತಿ. ಹಾಗಾದರೆ ಒಂದು ವೃತ್ತ, ಕಪ್ಪಿನಿಂದ ಬಿಳಿಯವರೆಗೆ ಹತ್ತು ಮೆಟ್ಟಿಲು, ಕ್ಯಾಮೆರಾದೆದುರು ಹೊಡೆದ ಒಂದು ಚಪ್ಪಾಳೆ, ಇವಿಷ್ಟಿರುವ ಅರ್ಧ ನಿಮಿಷದ ಪರೀಕ್ಷಾಚಿತ್ರವನ್ನು ಹಿಂದಿನ ದಿನವೇ ಹಾಕಿಸಿ, ಸಭಾಂಗಣದ ನಡುಸಾಲಿನಲ್ಲಿ ಕುಳಿತು ನೋಡಿ. ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ನೋಡಿದರೆ ಸಾಲದು.