ಬೂಸಾ ಎಂಬ ರೂಪಕ

ಅಲಂಕಾರ ಗುರುತಿಸುವುದು ಎಂದರೆ ನಮ್ಮ ತರಗತಿಗಳಲ್ಲಿ ಹೆಸರು ಹೇಳಿ ಲಕ್ಷಣ ಸಮನ್ವಯ ಮಾಡುವುದು ಎಂದಾಗಿಬಿಟ್ಟಿದೆ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ನಾಲ್ಕೂ ಇದ್ದರೆ ಪೂರ್ಣೋಪಮೆ. ಯಾವುದಾದರೂ ಬಿಟ್ಟುಹೋದರೆ ಲುಪ್ತೋಪಮೆ. ಉಪಮೇಯವೇ ಉಪಮಾನ ಎಂದುಬಿಟ್ಟರೆ ರೂಪಕ. ಕನ್ನಡದಲ್ಲಿ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಿಂದಲೂ ಈ ಚರ್ಚೆ ಇದೆ. ನಾನೂ ಇದನ್ನೇ ಕಲಿಸಿ ಸಂಬಳ ಎಣಿಸುವವನು. ಪಾಠ ಸುಳ್ಳಲ್ಲ. ಆದರೆ ಮಾತು ಆಡಿದವರು ಯಾರು, ಕೇಳಿಸಿಕೊಂಡವರು ಯಾರು ಅನ್ನೋ ಪ್ರಶ್ನೆ ಅದರೊಳಗೆ ಇಲ್ಲ.

1973ರ ನವೆಂಬರಿನಲ್ಲಿ, ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಗಲಭೆಯಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕೊನೆಗೆ ಅವರು ಮಂತ್ರಿಗಿರಿ ಬಿಡಬೇಕಾಯಿತು.

ಈ ಮಾತನ್ನು ಅಲಂಕಾರದ ಪಾಠವಾಗಿ ಓದೋಣ. ಉಪಮೇಯ ಸಾಹಿತ್ಯ, ಉಪಮಾನ ಬೂಸಾ. ಕಾಳಿನ ಸತ್ವ ತೆಗೆದ ಮೇಲೆ ಉಳಿಯುವ ಹೊಟ್ಟು, ದನಕ್ಕೆ ಹಾಕುವ ಮೇವು. ಮನುಷ್ಯನ ಹಸಿವಿಗೆ ಒದಗದಿರುವುದೇ ಇಲ್ಲಿಯ ಸಮಾನಧರ್ಮ. ಲಕ್ಷಣಕ್ಕೆ ಎಲ್ಲೂ ಕೊರತೆಯಿಲ್ಲದ ರೂಪಕ. ನಮ್ಮ ವಿಮರ್ಶಕರು 'ಕಾಳು ಯಾವುದು, ಜೊಳ್ಳು ಯಾವುದು' ಅಂತ ಬರೆಯುತ್ತಲೇ ಬಂದಿದ್ದಾರಲ್ಲ, ಅದೂ ಇದೇ ಕಣದಿಂದ ಬಂದದ್ದು. ಜೊಳ್ಳು ಅಂದವರ ಮನೆಗೆ ಯಾರೂ ಕಲ್ಲು ಹೊಡೆಯಲಿಲ್ಲ. ಅವರದು ವಿಮರ್ಶೆಯ ಪರಿಭಾಷೆಯಾಯಿತು, ಬಸವಲಿಂಗಪ್ಪನವರದು ಬೈಗುಳವಾಯಿತು. ಎರಡು ಮಾತಿನ ನಡುವಿನ ವ್ಯತ್ಯಾಸ ಉಪಮಾನದಲ್ಲಿಲ್ಲ, ಆಡಿದವನ ಜಾತಿಯಲ್ಲಿದೆ. ಅವರ ಅಭಿಪ್ರಾಯವನ್ನು ಒಪ್ಪದಿರಬಹುದು, ವಾದಿಸಬಹುದು. ಆದರೆ ಅವತ್ತು ನಡೆದದ್ದು ವಾದವಲ್ಲ. ದಲಿತನೊಬ್ಬನಿಗೆ ರೂಪಕ ಕಟ್ಟುವ ಹಕ್ಕೇ ಇಲ್ಲ ಎಂಬ ತೀರ್ಪು ಅದು.

ಇನ್ನೊಂದು ಕಡೆ, ಅಲಂಕಾರ ಅಂತ ಗೊತ್ತೇ ಆಗದ ಹಾಗೆ ಚಲಾವಣೆಯಲ್ಲಿರುವ ಮಾತುಗಳಿವೆ. 'ಊರಿಗೆ ಊರೇ ಜಾತ್ರೆಯಲ್ಲಿ ಸೇರಿತ್ತು' ಎಂದು ಕತೆಗಾರ ಬರೆಯುತ್ತಾನೆ. ಕೇರಿಯವರು ದೂರ ನಿಂತಿದ್ದರೆ ಸೇರಿದ್ದು ಊರಿನ ಒಂದು ಭಾಗ ಮಾತ್ರ. ಭಾಗವನ್ನೇ ಇಡೀ ಊರು ಎನ್ನುವುದು ಲಕ್ಷಣಾವೃತ್ತಿಯ ಕೆಲಸ, ಆದರೆ ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಗಲೀಜಿಗೆ ಕೇರಿಯನ್ನೇ ಉಪಮಾನ ಮಾಡುವ ಬೈಗುಳವೂ ಹೀಗೆಯೇ. ಅಲ್ಲಿ ಕೊಳಕಾಗಿರುವುದು ಯಾರ ಕೊಳಕನ್ನು ಎತ್ತಿದ್ದರಿಂದ ಅನ್ನೋದನ್ನ ಆ ಉಪಮೆ ಮುಚ್ಚಿಡುತ್ತದೆ. 'ಹರಿಜನ' ಎಂಬ ಚೆಂದದ ಹೆಸರೂ ಗಾಯದ ಮೇಲೆ ಹೊದಿಸಿದ ಶಾಲು. 'ದಲಿತ' ಎಂಬ ಶಬ್ದದಲ್ಲೂ ರೂಪಕವಿದೆ: ತುಳಿತಕ್ಕೊಳಗಾಗಿ ಮುರಿದದ್ದು ಎಂದು. ಈ ರೂಪಕ ಗಾಯವನ್ನು ತೋರಿಸುತ್ತದೆ, ತುಳಿದವನೊಬ್ಬ ಇದ್ದಾನೆ ಎಂದೂ ಹೇಳುತ್ತದೆ.

ಹಾಗಂತ ನಾವು ಬರೆದ ಅಲಂಕಾರಗಳೆಲ್ಲ ಚಿನ್ನ ಅಂತ ಬೀಗಬೇಕಾಗಿಲ್ಲ. ಬೆಂಕಿ, ಕೆಂಡ, ಜ್ವಾಲಾಮುಖಿ ನಮ್ಮ ಕವಿತೆಗಳಲ್ಲಿ ಎಷ್ಟು ಸಲ ಉರಿದಿವೆಯೆಂದರೆ, ಅವೂ ಹಳೆಯ ಕಾವ್ಯದ ಮುಖಕಮಲದಷ್ಟೇ ಸವೆದಿವೆ. ಮೊದಲು ಬರೆದವನ ಕೈ ಸುಟ್ಟಿತ್ತು. ಈಗ ನಕಲು ಮಾಡುವವನಿಗೆ ಬಿಸಿಯೂ ತಾಗುವುದಿಲ್ಲ. ಹೊಸದಾಗಿ ಬರೆಯುವ ಗೆಳೆಯರು ತಮ್ಮ ಮನೆಯ ಕೆಲಸದ ಕಡೆ ನೋಡಲಿ. ಚರ್ಮ ಹದ ಮಾಡುವುದು, ತಮಟೆ ಕಾಯಿಸುವುದು, ಕೂಲಿಯ ಲೆಕ್ಕ, ಹಾಸ್ಟೆಲಿನ ಊಟದ ಸಾಲು: ಉಪಮಾನಗಳು ಅಲ್ಲಿವೆ.

ವಿದ್ಯಾರ್ಥಿಗಳಿಗೆ ಇಷ್ಟು ಹೇಳುತ್ತೇನೆ: ಅಲಂಕಾರದ ಹೆಸರು ಬರೆಯಿರಿ, ಲಕ್ಷಣ ಬರೆಯಿರಿ, ಅಂಕ ತಗೊಳ್ಳಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಈ ಹೋಲಿಕೆಯಿಂದ ಯಾರ ಮಾನ ಹೆಚ್ಚಿತು, ಯಾರದು ಹೋಯಿತು?