ನೊರೆನೀರಿಗೆ ಎರಡು ಆಹ್ವಾನಗಳು

ಬಂಡೆಗಳ ನಡುವೆ ನೊರೆಯೆದ್ದು ಧುಮುಕುವ ಹೊಳೆಯಲ್ಲಿ, ಮೊಣಕಾಲೂರಿ ಕುಳಿತು, ಒಂದೇ ಅಲಗಿನ ಹುಟ್ಟಿನಿಂದ ಕೆನೂ ಎಂಬ ಹಗುರವಾದ ದೋಣಿಯನ್ನು ನಡೆಸುವ ವಿದ್ಯೆಗೆ ಹೊಸಬರನ್ನು ಕರೆತರುವ ಉದ್ದೇಶ ಶ್ಲಾಘ್ಯವಾದುದೇ. ಆದರೆ ಕರೆಯುವ ರೀತಿಯ ಮೇಲೆ ಬಂದವರು ಏನನ್ನು ಕಲಿಯುವರೆಂಬುದೂ, ಒಮ್ಮೊಮ್ಮೆ ಜೀವಸಹಿತ ಮರಳುವರೇ ಎಂಬುದೂ ನಿಂತಿರುವುದರಿಂದ, ಅಂಥ ಎರಡು ಆಹ್ವಾನಗಳನ್ನು ಒರೆಗೆ ಹಚ್ಚಿ ನೋಡುವುದು ಉಚಿತ.

ಮೊದಲನೆಯದಾದ, 1972ರಲ್ಲಿ ಜಾನ್ ಬೂರ್ಮನ್ ನಿರ್ದೇಶಿಸಿದ ‘ಡೆಲಿವರೆನ್ಸ್’ ಚಿತ್ರಕ್ಕೆ ಯಾರನ್ನೂ ಕರೆಯುವ ಇಚ್ಛೆಯಿರಲಿಲ್ಲ. ಕೆನೂ ಏರಿ ಕಾಡುಹೊಳೆಗಿಳಿದ ನಾಲ್ವರು ಪಟ್ಟಣಿಗರು ಘೋರ ವಿಪತ್ತಿಗೆ ಸಿಲುಕುವ ಕಥೆ ಅದು; ಕಂಡವರು ಹೊಳೆಯ ಹೆಸರೆತ್ತಲೂ ಅಂಜಬೇಕಿತ್ತು. ನಡೆದದ್ದು ತದ್ವಿರುದ್ಧ. ಚಿತ್ರೀಕರಣ ನಡೆದ, ಜಾರ್ಜಿಯಾ ಮತ್ತು ದಕ್ಷಿಣ ಕ್ಯಾರೊಲೈನಾಗಳ ಗಡಿಯಲ್ಲಿ ಹರಿಯುವ ಚಟೂಗಾ ನದಿಗೆ ಜನ ಮುಗಿಬಿದ್ದರು. ನೀರಿನ ಗುಣವರಿಯದೆ, ಲೈಫ್ ಜಾಕೆಟ್ ಕೂಡ ಇಲ್ಲದೆ ಇಳಿದ ಹಲವರು ಅಲ್ಲಿಯೇ ಮುಳುಗಿ ಮೃತರಾದರು. ಭೀತಿಯನ್ನು ಪ್ರದರ್ಶಿಸಿ ಜನರನ್ನು ಸೆಳೆಯುವುದನ್ನು ಆ ಚಿತ್ರ ಬಯಸದೆ ಮಾಡಿತು; ಇಂದಿನ ಜಾಹೀರಾತುಗಾರರಾದರೋ ಬೇಕೆಂದೇ ಮಾಡುತ್ತಾರೆ.

ಎರಡನೆಯದು, ಕೆನಡಾದ ಬಿಲ್ ಮೇಸನ್ ತನ್ನ ದೇಶದ ರಾಷ್ಟ್ರೀಯ ಚಲನಚಿತ್ರ ಮಂಡಳಿಗಾಗಿ 1977ರಲ್ಲಿ ರಚಿಸಿದ ‘ಪಾತ್ ಆಫ್ ದ ಪ್ಯಾಡಲ್’ ಎಂಬ ಚಿತ್ರಮಾಲಿಕೆ. ಅದರಲ್ಲಿ ನೊರೆನೀರಿನ ಎರಡು ಚಿತ್ರಗಳೊಡನೆ ಮೊದಲ ಪಾಠಗಳಿಗೇ ಮೀಸಲಾದ ಇನ್ನೆರಡಿರುವುದು ಗಮನಾರ್ಹ. ಏಕೆಂದರೆ ನೊರೆನೀರಿನ ವಿದ್ಯೆ ಬಹುಮಟ್ಟಿಗೆ ಸಹಜಪ್ರವೃತ್ತಿಯನ್ನು ಗೆಲ್ಲುವ ವಿದ್ಯೆ. ಬಂಡೆಯ ಮರೆಯಲ್ಲಿ ನೀರು ಹಿಮ್ಮುಖವಾಗಿ ತಿರುಗುವ ಶಾಂತವಾದ ತಾವಿನಿಂದ ದೋಣಿಯ ಮೂತಿಯನ್ನು ಸೆಳವಿಗೆ ಚಾಚಿದೊಡನೆ, ಹೊಸಬನ ಮೈ ಬರುವ ನೀರಿನ ಕಡೆಗೇ ವಾಲುತ್ತದೆ. ಆ ಅಂಚನ್ನು ಸೆಳವು ಹಿಡಿದು ದೋಣಿಯನ್ನು ಕ್ಷಣಾರ್ಧದಲ್ಲಿ ಮಗುಚುತ್ತದೆ. ವಾಲಬೇಕಾದದ್ದು ನೀರು ಹರಿದುಹೋಗುವ ಕಡೆಗೆ. ಅಂತೆಯೇ ದೋಣಿ ಬಂಡೆಗೆ ಅಡ್ಡಲಾಗಿ ಒರಗಿದಾಗ, ಅಂಜಿ ಹಿಂದೆ ಸರಿಯುವವನು ನೀರು ತುಂಬಿಸಿಕೊಳ್ಳುತ್ತಾನೆ. ಬಂಡೆಯನ್ನೇ ಅಪ್ಪುವಂತೆ ಬಾಗಿದವನು ಉಳಿಯುತ್ತಾನೆ. ಮಗುಚಿದವನು ತುಂಬಿದ ದೋಣಿಯ ಕೆಳಹರಿವಿನಲ್ಲಿ ಎಂದೂ ಇರತಕ್ಕದ್ದಲ್ಲ, ಏಕೆಂದರೆ ಟನ್ನಿಗೂ ಮಿಕ್ಕ ಭಾರದ ಅದು ಅವನನ್ನು ಬಂಡೆಗೆ ಅದುಮಬಲ್ಲದು. ಇಂಥ ವಿಷಯಗಳನ್ನು ಶಾಂತಜಲದಲ್ಲಿ ಮೈಗೂಡಿಸಿಕೊಳ್ಳದೆ ಧಾರೆಗಿಳಿಯುವುದು ಅಕ್ಷರವರಿಯದೆ ಮಹಾಕಾವ್ಯವನ್ನು ಬಿಡಿಸಿದಂತೆ.

ಮೇಸನ್ನನ ಕೃತಿಯಲ್ಲಿ ದೋಷವಿಲ್ಲವೆಂದಲ್ಲ. ಆತನ ಕೈಚಳಕ ಎಷ್ಟು ನಿರಾಯಾಸವೆಂದರೆ ನೋಡುವವನಿಗೆ ಎಲ್ಲವೂ ಸುಲಭವೆನಿಸುತ್ತದೆ. ವಾಲಿದ ಮೈಯನ್ನು ಗದರಿಸಿ ತಿದ್ದುವ ಗುರುವಿನ ಸ್ಥಾನವನ್ನಾಗಲಿ, ಹಗ್ಗವೆಸೆಯಲು ದಡದಲ್ಲಿ ನಿಂತ ಸಂಗಾತಿಯ ಸ್ಥಾನವನ್ನಾಗಲಿ ತೆರೆ ತುಂಬಲಾರದು. ಆದರೂ ಅಪಾಯವನ್ನು ಮುಚ್ಚಿಡದೆ, ಮೆರೆಸದೆ, ನೀರನ್ನು ಓದಲು ಬರುವಂತೆ ಮಾಡಿರುವುದರಿಂದ ಈ ಎರಡರಲ್ಲಿ ನಿಜವಾದ ಆಹ್ವಾನವೆಂದು ನಾನು ಎಣಿಸುವುದು ಇದನ್ನೇ.

ನಮ್ಮ ಗಣೇಶಗುಡಿಯಲ್ಲಿ, ಸೂಪಾ ಅಣೆಕಟ್ಟೆಯಿಂದ ಬಿಟ್ಟ ನೀರನ್ನು ನೆಚ್ಚಿ, ಕಾಳೀ ನದಿಯ ಮೇಲೆ ರಬ್ಬರಿನ ರಾಫ್ಟುಗಳು ಸಾಗುತ್ತವೆ. ಅಲ್ಲಿ ದಾರಿಯನ್ನು ಓದುವವನು ಮಾರ್ಗದರ್ಶಿ. ಮಿಕ್ಕವರು ಆತನ ಕೂಗಿಗೆ ಹುಟ್ಟು ಹಾಕಿ, ಚೀರಿ, ನೆನೆದು ಮನೆಗೆ ಹೋಗುತ್ತಾರೆ. ಆ ಸಂತೋಷವನ್ನು ಹಳಿಯಲಾರೆ. ಆದರೆ ಹೀಗೆ ಬಂದವರಲ್ಲಿ ಆಸಕ್ತರಾದ ಕೆಲವರಿಗಾದರೂ, ನಿಂತ ನೀರಿನ ಮೇಲೆ ಸಣ್ಣ ದೋಣಿಯೊಂದನ್ನು ಕೊಟ್ಟು ಒಂದು ಬೆಳಗು ಹುಟ್ಟು ಹಿಡಿಯುವುದನ್ನು ಕನ್ನಡದಲ್ಲಿಯೇ ಕಲಿಸುವ ಏರ್ಪಾಡನ್ನು ಅಲ್ಲಿನವರು ಕೈಗೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.